ಹೋದ ವರ್ಷದ ಡೈರಿ

ಫೆಬ್ರುವರಿ ಮುಗೀಲಿಕ್ಕೆ ಬಂದಾಗ
ಪತಸಂಸ್ಥೆಯ ಬಿರಾಜದಾರ
ಉಳಿದದ್ದೊಂದು ಡೈರಿ ಪುಕ್ಕಟೆ ಕೊಟ್ಟ.
'ಹೋದ ವರ್ಷದ್ದು ಅಕ್ಕಾ, ನಡೀತದೇನು?'
ತಾರೀಖು ಸರಿ ಇರ್ತಾವ, ವಾರ ಅಷ್ಟ ತಪ್ಪು.
ಅದರ ಸೋಮವಾರ ನನ್ನ ಮಂಗಳವಾರ.
ಒಂದು ದಿನ ಹಿಂದ ಉಳಿಯೋದು
ನನಗೇನು ಹೊಸದಲ್ಲ.
ನಡೀತದ ಅಂದೆ.

ಸೋಲಾಪುರದಾಗ ಕಡಕ್ ರೊಟ್ಟಿ ಬಡಿಯಾಕಿ ನಾ.
ನೂರಕ್ಕ ಇಷ್ಟು ಅಂತ ಕೂಲಿ.
ಸೀಳಿದ್ದು, ಹೊತ್ತಿದ್ದು ಎಣಿಕ್ಯಾಗಿಲ್ಲ,
ಅವು ನಮ್ಮ ಮನೀಗೆ.
ಹಂಗಾಗಿ ನಾವು ತಿನ್ನೋ ರೊಟ್ಟಿಗೆ
ಖರ್ಚಿನ ಕಡೆ ಜಾಗಾನ ಇಲ್ಲ.
ಸೇಠಾಣಿ ಜೋಡಿ ತೆಲುಗು, ಬಜಾರದಾಗ ಮರಾಠಿ,
ಗ್ಯಾಸಿನವನ ಜೋಡಿ ಅರ್ಧಾಮರ್ಧಾ ಹಿಂದಿ.
ಬರಿಯೋದು ಮಾತ್ರ ಕನ್ನಡದಾಗ,
ದುಧನಿ ಸಾಲ್ಯಾಗ ಕಲ್ತ ಅಂಕಿಯೊಳಗ.
ಮಗಳದು ಮರಾಠಿ ಸಾಲಿ, ಓದಾಕ ಬರಂಗಿಲ್ಲ.
ಅವರಿಗೆ ಯಾವ ಲಿಪೀನೂ ಬರಂಗಿಲ್ಲ.
ಈ ಡೈರಿಗೆ ಬೀಗ ಬ್ಯಾಡ.

ಆದ್ರೂ ಹುಷಾರಿಂದ ಬರಿತೀನಿ.
ಅವರ ಮಾವಾದ ರೊಕ್ಕ 'ಹಲ್ಲು' ಅನ್ನೋ ಖಾತ್ಯಾಗ.
ಮಗಳ ರಿಚಾರ್ಜ್, 'ಸಾಲಿ'.
ಮಗ್ಗಲ ಮನಿ ಈರಮ್ಮಗ ಕೊಟ್ಟ ಐವತ್ತು
ಮೊದಲ 'ಉದ್ರಿ' ಅಂತ ಇತ್ತು,
ಮೂರು ತಿಂಗಳ ಮ್ಯಾಲ ಹೊಡದು 'ಪುಣ್ಯ' ಅಂತ ಮಾಡ್ದೆ.
ಪುಣ್ಯದ ಖಾತೆ ಬೆಳಿಯೋದ ಹಿಂಗ,
ಕೊಟ್ಟದ್ದರಿಂದಲ್ಲ, ವಾಪಸ್ ಬರದದ್ದರಿಂದ.

ಓಣ್ಯಾಗ ಜಿಪುಣಿ ಅಂತಾರ.
ಇದ್ದವರಿಗೆ ಅನ್ನೋ ಮಾತದು.
ನನಗ ಅಂದ್ರ ಮಾನ ಕೊಟ್ಟಂಗ.

ನಮ್ಮವ್ವಗ ಅಕ್ಷರ ಇರಲಿಲ್ಲ.
ಬಾಗಲ ಹಿಂದಿನ ಗ್ವಾಡಿಗೆ ಇದ್ದಲಿ ಗೀಟು,
ಹಾಲಿಂದು ಉದ್ದ, ಗಿರಣೀದು ಅಡ್ಡ.
ಒಂದು ಪಂಚಮಿಗೆ ಅಪ್ಪ
ಹೇಳದ ಕೇಳದ ಸುಣ್ಣಾ ಹೊಡದ.
ಹಾಲಿನ ದಸ್ತಗೀರ ಬಂದು ನಿಂತ.
ಬೆಳ್ಳನ ಗ್ವಾಡಿ ನೋಡ್ದ, ಅವ್ವನ್ನ ನೋಡ್ದ.
'ನಲವತ್ತೊಂದು' ಅಂದಳು ಅವ್ವ.
'ನಲವತ್ತು' ಅಂದ ಅವ.
ಆ ಒಂದು ಗೀಟಿನ ಸಲುವಾಗಿ
ಹಾಲು ಕಾಯೋತನಕ ಜಗಳಾಡಿದ್ರು,
ಆಕಿ ಕೊಡ್ತೀನಂತ, ಅವ ಒಲ್ಲೆಂತ.

ಡಿಸೆಂಬರ್ ಮೂವತ್ತೊಂದು, ರಾತ್ರಿ.
ಡಬ್ಬಿ ಬೋರಲ ಹಾಕಿ ಎಣಿಸ್ದೆ, ಕೂಡಿಸ್ದೆ, ಕಳದೆ.
ಮೂವತ್ತು ರೂಪಾಯಿ ಹೆಚ್ಚ.
ಕಡಿಮಿ ಬಿದ್ರ ನನಗ ಗೊತ್ತದ,
ಯಾರ ಕೈ, ಯಾವ ಕಿಸೆ.
ಹೆಚ್ಚ ಬಿದ್ರ ಯಾರನ್ನ ಬೈಯಲಿ?
ಮಲಗಿದ್ರ ನಿದ್ದಿಲ್ಲ.
ಯಾರದೋ ರೊಕ್ಕ ನನ್ನ ಡಬ್ಬ್ಯಾಗ ಮಲಗೇದ
ಅನ್ನೋದ ಒಂದು ಚಿಂತಿ.
ಎದ್ದು ಮೊಬೈಲಿನ ಬೆಳಕಿನಾಗ
ಹಾಳಿ ಹಿಂದಕ್ಕ ಹಿಂದಕ್ಕ ತಿರುವಿದೆ.
ಉಪ್ಪು. ಗಿರಣಿ. ಹಲ್ಲು. ಬಟ್ಟಿ ಸಾಬೂನು, ಅರ್ಧಾ.
ಹಲ್ಲು. ಹಲ್ಲು. ಲೈಟ್ ಬಿಲ್ಲು. ಹಲ್ಲು.

ಆಗಸ್ಟ್ ಹತ್ತೊಂಬತ್ತು ಸಿಕ್ತು.
ಅಕ್ಕಲಕೋಟಿಗೆ, ತಂಗಿ ಸುಗಲಾನ ಕೂಸಿನ್ನ ನೋಡಾಕ.
ಬರುವಾಗ ಆಕಿ ಗಂಡ ಬೈಕಿನ ಮ್ಯಾಲ ಬಿಟ್ಟ.
ಹೋಗುವಾಗ ಎಸ್.ಟಿ. ಬಸ್ಸಿಗೆ ಅರವತ್ತು, ಅಂತ ಬರದೀನಿ.
ಕೊಟ್ಟದ್ದು ಮೂವತ್ತು.
ಹೆಂಗಸರಿಗೆ ಅರ್ಧಾ ಟಿಕೀಟು ಆಗಿ ಯಾವ ಕಾಲ ಆತು,
ತಲಿಗೆ ಗೊತ್ತದ, ಕೈಗೆ ಗೊತ್ತಿಲ್ಲ.
ಪೂರಾ ಕೊಡೋದಕ್ಕ
ಅಷ್ಟು ಪಳಗಿದ ಕೈ ಇದು.

ಹೊಡದು ತಿದ್ದಬಹುದಿತ್ತು.
ತಿದ್ದಲಿಲ್ಲ.
ಜಮಾದ ಕಡೆ, ಕಡೀಗೆ ಉಳಿದ ಗೆರಿ ಮ್ಯಾಲ ಬರದೆ:
ಹೆಂಗಸಾದದ್ದಕ್ಕ, ೩೦.
ನಲವತ್ತಾರು ವರ್ಷದಾಗ
ಆ ಖಾತೆಗೆ ಏನರೆ ಬಂದದ್ದು ಇದ ಮೊದಲ.
ಒಣಗಲಿ ಅಂತ ಊದಿದೆ,
ಬಾಲ್‌ಪೆನ್ನಿನ ಅಕ್ಷರಕ್ಕ ಊದೋದು ಬ್ಯಾಡಿತ್ತು.

ನಾಳೆ ತಾರೀಖು ಒಂದು.
ಬಿರಾಜದಾರಗ ಹೇಳಿಟ್ಟೀನಿ,
ಉಳಿದ್ರ ಒಂದು ತಗದಿಡು ಅಂತ.
ಫೆಬ್ರುವರಿ ತನಕ
ಕ್ಯಾಲೆಂಡರಿನ ಹಿಂದ ಬರಿತೀನಿ.